ಅಳತಿ ಜಂಪರ್

ವಾಡಿ
೨೪ ನವೆಂಬರ್ ೨೦೨೪, ರವಿವಾರ ಮಧ್ಯಾಹ್ನ

ನನ್ನ ಶ್ರುತಿಗೆ,

ನಿನ್ನ ಸಿಟ್ಟಿಗೆ ಹೆದರಿ ಕೂತಿರುವ ಅವ್ವನ ಆಶೀರ್ವಾದಗಳು.

ಕಾಗದ ಕೈಗೆ ಬಂದಾಗ ನಗಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಚಿಮ್ಮನಚೋಡದ ದೊಡ್ಡವ್ವನ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು, ಅರ್ಧ ಓಣಿಗೆ ಕೇಳುತ್ತದೆ. ಇನ್ನು ನನ್ನ ಬಾಯಿ ನಿನಗೆ ಗೊತ್ತೇ ಇದೆ. ಮಾತಿಗಿಂತ ಮೊದಲು ಅಳು ಬರುತ್ತದೆ, ಅಳುವಿಗಿಂತ ಮೊದಲು ಬೈಗಳು ಬರುತ್ತವೆ. ಬರೆಯುವಾಗ ಬೈದರೆ ಹೊಡೆದು ಹಾಕಬಹುದು. ಈಗಾಗಲೇ ಎರಡು ಹಾಳೆ ಹರಿದಿದ್ದೇನೆ. ನಿಮ್ಮಪ್ಪ ಮದುವೆ ಕಾರ್ಡು ಹಂಚಲು ಸೇಡಂ ಕಡೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಇದು ಅಂಚೆ ಡಬ್ಬಿ ಸೇರಬೇಕು.

ಹಳೆ ಕಾಲದ ಉಡುಗೆಯ ಹುಚ್ಚು ನಿನಗೆ ಯಾವಾಗ ಹಿಡಿಯಿತೋ ಗೊತ್ತಿಲ್ಲ. ನಾವು ನಾಚಿಕೆಪಟ್ಟು ಬಿಟ್ಟ ಬಟ್ಟೆಗೆ ನೀನು, ನಿನ್ನ ಬ್ಯಾಂಕಿನ ಗೆಳತಿ ಲುಂಬಿನಿ ಕೂಡಿ ರೆಟ್ರೋ ಎಂದು ಹೆಸರಿಟ್ಟಿರಿ. ದೊಡ್ಡ ದೊಡ್ಡ ಹೂವಿನ ನನ್ನ ನೈಲಾನ್ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಡಬ್ಬಿ ತಗೊಳ್ಳೋಣವೆಂದು ತೆಗೆದಿಟ್ಟಿದ್ದೆ. ನೀನು ಅದನ್ನೇ ಉಟ್ಟುಕೊಂಡು ಚಿತ್ತಾಪುರದ ಬ್ಯಾಂಕಿಗೆ ಹೋಗಿ ಬಂದೆ. ನಾನು ತಲೆ ಚಚ್ಚಿಕೊಂಡೆ, ಆದರೆ ಒಳಗೊಳಗೇ ಖುಷಿಪಟ್ಟೆ. ಬಟ್ಟೆಯ ಹುಚ್ಚು ನಿನಗೆ ಬಂದದ್ದು ನನ್ನಿಂದಲೇ. ನಿನ್ನ ವಯಸ್ಸಿನಲ್ಲಿ, ಅದಕ್ಕಿಂತ ಸಣ್ಣವಳಿದ್ದಾಗಲೂ, ನಾನು ಒಂದು ತೋಳಿನ ಆಕಾರಕ್ಕೆ ಊಟ ಬಿಡುವಂಥವಳು.

ಹೋದ ರವಿವಾರ ಆದದ್ದನ್ನು ನೀನು ಒಂದು ಕಡೆಯಿಂದ ನೋಡಿದೆ, ನಾನು ಇನ್ನೊಂದು ಕಡೆಯಿಂದ ನೋಡಿದೆ. ನಿನ್ನ ಮದುವೆಗೆ ಶಾವಿಗೆ ಹೊಸೆಯಲೆಂದು ದೊಡ್ಡವ್ವ ಬಂದಿದ್ದಳು. ನೀನು, ಲುಂಬಿನಿ ಇಬ್ಬರೂ ಕೂಡಿ ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಇಳಿಸಿದಿರಿ. ಶಹಾಬಾದಿನ ನಮ್ಮ ತವರುಮನೆ ಬಿಚ್ಚಿದ ವರ್ಷ ನನ್ನ ಅವ್ವನ ಸಾಮಾನಿನ ಜೊತೆ ಬಂದ ಟ್ರಂಕು ಅದು. ನಾನು ಒಮ್ಮೆಯೂ ತೆಗೆದಿರಲಿಲ್ಲ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ನೀನು ರಾಣಿ ಬಣ್ಣದ ಆ ಜಂಪರ್ ತೊಟ್ಟು, ಮೇಲೆ ನನ್ನ ನೈಲಾನ್ ಸೀರೆ ಉಟ್ಟು, ಎರಡು ಜಡೆ ಹಾಕಿ ನಿಂತಿದ್ದೆ. ತೋಳು ಎರಡೂ ಕಡೆ ಬಲೂನಿನ ಹಾಗೆ ಉಬ್ಬಿತ್ತು. ಫುಗ್ಗಾ ತೋಳು ಅನ್ನುತ್ತಿದ್ದೆವು ನಾವು. 'ದೊಡ್ಡವ್ವಾ, ಅರಿಶಿಣದ ದಿನ ಇದೇ ಹಾಕೋತೀನಿ. ಹ್ಯಾಂಗ ಕಾಣಾಕತ್ತೀನಿ ನೋಡು' ಎಂದು ನೀನು ಅವಳ ಮುಂದೆ ಒಂದು ಸುತ್ತು ತಿರುಗಿದೆ.

ಪೊರೆ ಬಂದ ಕಣ್ಣಿಗೆ ಏನು ಕಂಡೀತು. ಅವಳು ಕೈಯಿಂದ ನೋಡಿದಳು. ಮೊದಲು ತೋಳು ಮುಟ್ಟಿದಳು. ಆಮೇಲೆ ಬಗಲಿನ ಕೆಳಗಿನ ಹೊಲಿಗೆಯನ್ನು ಬೆರಳಿನಿಂದ ಮಡಚಿ ನೋಡಿ, 'ಒಳಗ ಒಂದೀಟೂ ಅರಿವಿ ಬಿಟ್ಟಿಲ್ಲ' ಎಂದಳು. ಮಡಚಿದ್ದನ್ನು ಮತ್ತೆ ನೇರ ಮಾಡಿ ಹೇಳಿದಳು: 'ನಿನಗ ಬರೋಬ್ಬರಿ ಕುಂತದ. ಅವತ್ತ ನಿಮ್ಮವ್ವಗೂ ಇಷ್ಟೇ ಬರೋಬ್ಬರಿ ಕುಂದ್ರತಿತ್ತು.'

ನೀನು ನಕ್ಕೆ. ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗೆ ಇಟ್ಟೆ. ಅವಳು ನನ್ನ ಕಡೆ ತಿರುಗಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಚೀಲ ತೆಗೆದುಕೊಂಡು ಚಿಂಚೋಳಿ ಬಸ್ಸು ಹತ್ತಿದಳು. ಮದುವೆಗೆ ಬರುವುದಿಲ್ಲ ಎಂದು ಬಸ್ಸಿನ ಕಿಟಕಿಯಿಂದ ಹೇಳಿದಳು.

ನೀನು ನನ್ನನ್ನು ಹಿಡಿದು ಕೇಳಿದೆ: 'ಅವ್ವಾ, ನಾ ಏನ್ ತಪ್ಪ ಮಾಡೀನಿ ಅದರೆ ಹೇಳ.' ವಯಸ್ಸಾದವರ ಮನಸ್ಸು ಹಾಗೇ ಎಂದೆ. ಸುಳ್ಳು. ನೀನು ಅದನ್ನು ನಂಬಲಿಲ್ಲ. 'ದೊಡ್ಡವ್ವ ಬರ್ಲಿಲ್ಲಂದ್ರ ನಾ ಅರಿಶಿಣಕ್ಕ ಕುಂದರಂಗಿಲ್ಲ' ಎಂದು ಹೇಳಿ ಅವಳ ಹಿಂದೆಯೇ ಹೋದೆ. ಅರಿಶಿನಕ್ಕೆ ಇನ್ನು ಹದಿನೆಂಟು ದಿನ ಇದೆ. ತಪ್ಪು ನಿನ್ನದಲ್ಲ ಮಗಳೇ. ನೀನು ತೊಟ್ಟ ಜಂಪರ್ ದೊಡ್ಡವ್ವನ ಮದುವೆಯದು.

ಹೌದು, ಅವಳಿಗೂ ಒಂದು ಮದುವೆ ಗೊತ್ತಾಗಿತ್ತು. 'ದೊಡ್ಡವ್ವ ಯಾಕ ಮದುವಿ ಆಗಿಲ್ಲ' ಎಂದು ನೀನು ಸಣ್ಣವಳಿದ್ದಾಗ ಕೇಳಿದರೆ, ಅವಳಿಗೆ ಮಷೀನೇ ಗಂಡ ಎಂದು ನಾನು ನಗಿಸುತ್ತಿದ್ದೆ. ಆ ನಗೆಯನ್ನು ನೆನೆದರೆ ಈಗ ನನ್ನ ಮೇಲೇ ಅಸಹ್ಯವಾಗುತ್ತದೆ.

ಅದು ೧೯೮೬ನೇ ಇಸವಿ. ನನ್ನ ಅಕ್ಕ, ಅಂದರೆ ನಿನ್ನ ದೊಡ್ಡವ್ವನಿಗೆ ಹತ್ತೊಂಬತ್ತು, ನನಗೆ ಹದಿನೈದು. ನಮ್ಮ ಮನೆ ಶಹಾಬಾದಿನಲ್ಲಿ, ಕಾಗಿಣಾ ಹೊಳೆಗೆ ಹೋಗುವ ದಾರಿಯಲ್ಲಿ ಇತ್ತು. ಅಪ್ಪ ಅಂಬರಾಯ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಅಕ್ಕನಿಗೆ ಅಜ್ಜಿಯ ಹೆಸರು ಹಣಮಮ್ಮ ಎಂದು ಇಟ್ಟರು, ನನ್ನ ಪಾಳಿ ಬರುವಷ್ಟರಲ್ಲಿ ಕಾಲ ಬದಲಾಗಿ ಜಯಮಾಲಾ ಎಂದಿಟ್ಟರು. ಹೆಸರಿನಂತೆ ನನ್ನ ತಲೆಯೂ ಸಣ್ಣಂದಿನಿಂದಲೇ ತಿರುಗಿತ್ತು. ಅಕ್ಕ ಕೊಟ್ಟದ್ದನ್ನು ಉಡುತ್ತಿದ್ದಳು, ನಾನು ಕೊಟ್ಟದ್ದನ್ನು ಬಿಟ್ಟು ಬೇರೆಯದನ್ನು ಕೇಳುತ್ತಿದ್ದೆ. ಅಪ್ಪ ಜಗಳವೇ ಬೇಡವೆಂದು ಇಬ್ಬರಿಗೂ ಒಂದೇ ಥಾನಿನ ಬಟ್ಟೆ ತರುತ್ತಿದ್ದ. ಆ ವರ್ಷ ನೀಲಿ ಮೇಲೆ ಬಿಳಿ ಚುಕ್ಕಿಯ ಜಂಪರ್ ಇಬ್ಬರಿಗೂ ಇದ್ದವು. ಹಗ್ಗದ ಮೇಲೆ ಒಣಗಲು ಹಾಕಿದರೆ ದೂರದಿಂದ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ತೊಟ್ಟರೆ ಮಾತ್ರ ತಿಳಿಯುತ್ತಿತ್ತು, ಅಕ್ಕ ಮೈತುಂಬಿ ಬಂದವಳು, ನಾನು ಕಡ್ಡಿಯ ಹಾಗಿದ್ದೆ.

ನಾಲವಾರದ ಮನೆತನ. ಹುಡುಗ ರೈಲ್ವೆಯಲ್ಲಿದ್ದ. ಒಳ್ಳೆಯವನೇ, ಅಕ್ಕನನ್ನು ನೋಡಲು ಬಂದಾಗ ತಲೆಯೆತ್ತದೆ ಉಪ್ಪಿಟ್ಟು ತಿಂದು ಹೋದ. ನಿಶ್ಚಯದ ದಿನ ಅವನ ತಾಯಿ ಸೂಗಮ್ಮ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದಳು: 'ನಮ್ಮ ಸೊಸಿಗಿ ವಾಡಿ ಶೌಕತ ಅಲಿ ಕಡೀಂದ ಫುಗ್ಗಾ ತೋಳಿನ ಜಂಪರ್ ಹೊಲಸ್ತೀವಿ. ಅಳತಿ ಜಂಪರ್ ಒಂದು ಕೊಡ್ರಿ.'

ನೀನು ಈಗ ದುಕಾನಕ್ಕೆ ಹೋಗಿ ಕೈ ಎತ್ತಿ ನಿಂತು ಅಳತೆ ಕೊಟ್ಟು ಬರುತ್ತೀ. ಆಗ ಹಾಗಿರಲಿಲ್ಲ. ನಿಶ್ಚಯವಾದ ಹುಡುಗಿಯನ್ನು ಗಂಡಸು ದರ್ಜಿ ಅಳೆಯುವುದುಂಟೇ? ಮೈಗೆ ಸರಿಯಾಗಿ ಕೂರುವ ಒಂದು ಹಳೆ ಜಂಪರನ್ನು ಗಂಡಿನವರು ಒಯ್ದು ಅದರ ಮೇಲೆ ಹೊಲಿಸುತ್ತಿದ್ದರು. ಅವ್ವ ನನಗೆ ಒಳಗಿನಿಂದ ಅಕ್ಕನ ಚುಕ್ಕಿ ಜಂಪರ್ ತಂದುಕೊಡು ಎಂದಳು. ಎರಡೂ ಒಂದೇ ಗೂಟಕ್ಕೆ ತೂಗುತ್ತಿದ್ದವು. ಕೈಗೆ ಸಿಕ್ಕದ್ದನ್ನು ತಂದುಕೊಟ್ಟೆ. ಸೂಗಮ್ಮ ಮಡಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಅದು ನನ್ನದಾಗಿತ್ತು. ಉಳಿದ ಇನ್ನೊಂದು ಮುಂದಿನ ವಾರ ಹೊಳೆಯಲ್ಲಿ ಒಗೆಯುವಾಗ ಹರಿದುಕೊಂಡು ಹೋಯಿತು. ಅಳತಿಗೆ ಒಯ್ದದ್ದೂ ತಿರುಗಿ ಬರಲಿಲ್ಲ, ಹೀಗಾಗಿ ಹೋಲಿಸಿ ನೋಡಲು ಮನೆಯಲ್ಲಿ ಏನೂ ಉಳಿಯಲಿಲ್ಲ.

ಎರಡು ತಿಂಗಳ ಮೇಲೆ ಅರಿಶಿನದ ದಿನ ಸೂಗಮ್ಮನ ಕಡೆಯ ಹೆಂಗಸರು ತಟ್ಟೆ ಹೊತ್ತು ರೈಲಿನಿಂದ ಇಳಿದರು. ಶಹಾಬಾದಿನಲ್ಲಿ ಅಂಥ ಜಂಪರನ್ನು ಯಾರೂ ಕಂಡಿರಲಿಲ್ಲ. ಬೊಂಬಾಯಿ ಗಾಡಿ ನಿಲ್ಲುವ ವಾಡಿಗೆ ಫ್ಯಾಶನ್ನು ಮೊದಲು ಬರುತ್ತಿತ್ತು, ಶೌಕತ ಅಲಿಯ ಕೈಯೂ ಹಾಗೇ ಇತ್ತು. ರಾಣಿ ಬಣ್ಣ, ತೋಳಿನ ತುದಿಗೆ ಜರಿಯ ಪಟ್ಟಿ. ನಾನು ಕೈ ಒರೆಸಿಕೊಂಡು ಆ ತೋಳನ್ನು ಮುಟ್ಟಿ ನೋಡಿದೆ. ಅಕ್ಕನಿಗೆ ಅರಿಶಿನ ಹಚ್ಚಿ, ನೀರು ಹಾಕಿ, ಒಳಕೋಣೆಯಲ್ಲಿ ಕೂರಿಸಿದರು. ನಾನು ಕನ್ನಡಿ ಹಿಡಿದು ನಿಂತಿದ್ದೆ.

ತೋಳು ಏರಲಿಲ್ಲ. ಹೇಗೋ ಎಳೆದು ಏರಿಸಿದರು. ಎದೆಯ ಮೇಲೆ ಕೊಂಡಿ ಕೂಡಲಿಲ್ಲ, ನಾಲ್ಕು ಬೆರಳು ಅಂತರ. ಅವ್ವ ಹೊಲಿಗೆ ಬಿಚ್ಚಿ ಬಿಡೋಣವೆಂದು ಬಗಲು ಮಡಚಿ ನೋಡಿದಳು. ಒಳಗೆ ಬಟ್ಟೆಯೇ ಇರಲಿಲ್ಲ. ಫುಗ್ಗಾ ತೋಳಿನ ಚುನ್ನಟಕ್ಕೆ, ಆ ನೆರಿಗೆಗಳಿಗೇ ಬಟ್ಟೆಯೆಲ್ಲ ಹೋಗಿ, ಪಕ್ಕಕ್ಕೆ ಬಿಡಲು ಶೌಕತ ಅಲಿಗೆ ಏನೂ ಉಳಿದಿರಲಿಲ್ಲ. ಹೆಂಗಸರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಸೂಗಮ್ಮ ಅಕ್ಕನ ಹೊಟ್ಟೆಯ ಕಡೆ ನೋಡಿದಳು.

'ಎರಡ ತಿಂಗಳದಾಗ ಇಷ್ಟು ಮೈ ಹ್ಯಾಂಗ ಬಂತವ್ವ?'

ಅಷ್ಟೇ ಕೇಳಿದ್ದು ಅವಳು. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು, ನನಗೂ ಆಯಿತು. ಅವ್ವ ಅಳತೊಡಗಿದಳು. ಅಪ್ಪನನ್ನು ಕರೆದರು, ಹಂದರದ ಕೆಳಗೆ ಜಗಳ ಎದ್ದಿತು. ಕೊನೆಗೆ ಸೂಗಮ್ಮನೇ ಒಂದು ದಾರಿ ಹೇಳಿದಳು: 'ದವಾಖಾನಿಗಿ ಕರ್ಕೊಂಡ ಹೋಗಿ ತೋರಸ್ರಿ. ಡಾಕ್ಟರಬಾಯಿ ಏನಿಲ್ಲ ಅಂದ್ರ ನಾಳಿ ಅಕ್ಕಿಕಾಳ ಹಾಕೋಣು.' ಅಪ್ಪ ಒಪ್ಪಿ ಟಾಂಗಾ ತರಿಸಲು ಹೊರಟ. ಅಕ್ಕ ಆ ಜಂಪರಿನಲ್ಲಿ ಎರಡೂ ತೋಳು ಸಿಕ್ಕಿಸಿಕೊಂಡು, ಮೇಲೆ ಟವೆಲ್ಲು ಹೊದ್ದು, ಬಾಗಿಲಿಗೆ ಬಂದಳು. ಜೀವನದಲ್ಲಿ ಅಪ್ಪನ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ.

'ನಾ ಎಲ್ಲೀಗೂ ಬರಂಗಿಲ್ಲ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ.'

ಅವರು ಬಿಟ್ಟರು. ಸಂಜೆಯ ಪ್ಯಾಸೆಂಜರಿಗೆ ನಾಲವಾರಕ್ಕೆ ಹೋದರು. ಸೀರೆ, ತಟ್ಟೆ ಎಲ್ಲ ಒಯ್ದರು, ಜಂಪರ್ ಮಾತ್ರ ಅವಳ ಮೈಮೇಲೆ ಇದ್ದದ್ದರಿಂದ ಉಳಿಯಿತು. ಅದನ್ನು ಅವ್ವ ಕತ್ತರಿಸಬೇಕೆಂದಳು, ಅಕ್ಕ ಬಿಡಲಿಲ್ಲ, ನಿಧಾನವಾಗಿ ತಾನೇ ಬಿಡಿಸಿಕೊಂಡಳು. ಅರಿಶಿನ ತೊಳೆದುಕೋ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಎಂಟು ದಿನ ಅವಳ ಕುತ್ತಿಗೆ ಹಳದಿಯಾಗಿಯೇ ಇತ್ತು.

ಊರು ಸುಮ್ಮನಿರುತ್ತದೆಯೇ. ತಿಂಗಳು ಎಣಿಸಿದರು. ಒಂಬತ್ತು ತಿಂಗಳು ಕಳೆದು ಏನೂ ಆಗದಿದ್ದಾಗ ತಪ್ಪಾಯಿತು ಅನ್ನಲಿಲ್ಲ, ತೆಗೆಸಿರಬೇಕು ಎಂದರು. ಅಷ್ಟರಲ್ಲಿ ಅಕ್ಕ ಚಿಮ್ಮನಚೋಡದಲ್ಲಿ ಅಜ್ಜಿಯ ಮನೆ ಸೇರಿ ಹೊಲಿಗೆ ಕಲಿಯುತ್ತಿದ್ದಳು. ಮುಂದೆ ಬಂದ ಸಂಬಂಧಗಳೆಲ್ಲ ಈ ಮಾತು ಕೇಳಿ ಬಾಗಿಲಿನಿಂದಲೇ ತಿರುಗಿದವು. ಆಮೇಲೆ ಬರುವುದೂ ನಿಂತಿತು.

ಅವಳ ಹೊಲಿಗೆಯ ಬಗ್ಗೆ ನಿನಗೆ ನಾನು ಹೇಳಬೇಕಿಲ್ಲ, ನಿನ್ನ ಲಂಗಗಳೆಲ್ಲ ಅವಳ ಕೈಯವೇ. ಆದರೆ ಒಂದನ್ನು ಗಮನಿಸಿದ್ದೀಯಾ? ಅವಳು ಯಾರ ಹತ್ತಿರವೂ ಅಳತಿ ಜಂಪರ್ ಇಸಿದುಕೊಳ್ಳುವುದಿಲ್ಲ. ಕುಂಚಾವರಂ ಕಾಡಿನ ತಾಂಡಾದಿಂದ ನಡೆದು ಬಂದವರನ್ನೂ ವಾಪಸು ಕಳಿಸುತ್ತಾಳೆ. 'ಜಂಪರ ಬ್ಯಾಡ, ಯಾರಿಗಿ ಹೊಲೀಬೇಕು ಅಕಿನ್ನ ಕರ್ಕೊಂಡ ಬರ್ರಿ' ಅನ್ನುತ್ತಾಳೆ. ಟೇಪು ಹಿಡಿದು ಮೈಯನ್ನೇ ಅಳೆಯುತ್ತಾಳೆ. ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟೇ ಹೊಲಿಯುತ್ತಾಳೆ. ನನ್ನ ಮದುವೆಯ ಜಂಪರ್‌ಗಳನ್ನೂ ಅವಳೇ ಹೊಲಿದಳು. ಎದೆಯ ಸುತ್ತ ಟೇಪು ಎಳೆದು, 'ಈಗ ಮೂವತ್ತೆರಡು. ಮೊದಲ ಎಷ್ಟಿದ್ದಿ?' ಎಂದು ಕೇಳಿದಳು. ಯಾರಿಗೆ ನೆನಪಿರುತ್ತದೆ ಎಂದು ನಾನು ನಕ್ಕೆ. ಅವಳೂ ನಕ್ಕಳು, ಚೀಟಿಯ ಮೇಲೆ ಬರೆದುಕೊಂಡಳು.

ನನ್ನ ಜಂಪರ್ ಹೋಗಿತ್ತು ಎಂದು ನಾನು ಆ ದಿನವೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀ. ಹದಿನೈದು ವರ್ಷದ ಹುಡುಗಿಯನ್ನು ಅಂಥ ಗದ್ದಲದಲ್ಲಿ ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ. ಆಮೇಲೆ ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಆಮೇಲೆ ಹೇಳಿದರೆ ಏನು ಬಂತು ಎನ್ನಿಸಿತು. ಹೀಗೆ ಒಂದೊಂದು ವರ್ಷ ಮುಂದೆ ಹಾಕಿ ಮೂವತ್ತೆಂಟು ವರ್ಷ ಆಯಿತು. ನಡುವೆ ನಿನ್ನನ್ನು ಹೆತ್ತೆ, ಬೇಸಿಗೆ ರಜೆ ಬಂದಾಗಲೆಲ್ಲ ನಿನ್ನನ್ನು ಅವಳ ಮಡಿಲಿಗೆ ಹಾಕಿ ಬಂದೆ. ಅವಳಿಗೊಂದು ಮಗು ಕೊಟ್ಟೆನೆಂದು ಒಳಗೇ ಲೆಕ್ಕ ಸರಿ ಮಾಡಿಕೊಂಡೆ. ಎಂಥ ಹೆಂಗಸು ನಾನು.

ಈಗ ನನ್ನದೊಂದು ಬೇಡಿಕೆ. ದೊಡ್ಡವ್ವನಿಗೆ ಓದಲು ಕಣ್ಣು ಸಾಲದು. ಈ ಕಾಗದವನ್ನು ನೀನೇ ಓದಿ ಹೇಳು. ಓಣಿಯವರು ಇಲ್ಲದಾಗ, ಅವಳು ಮಷೀನಿನ ಮುಂದೆ ಕೂತಿರುವಾಗ ಓದು, ಅಲ್ಲಿ ಅವಳ ಮನಸ್ಸು ಗಟ್ಟಿಯಿರುತ್ತದೆ. ಜಯಮಾಲಾ ತಪ್ಪು ಜಂಪರ್ ಕೊಟ್ಟಳು, ಅದು ತನಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಕ್ಷಮೆ ಕೇಳುತ್ತಾಳೆ ಎಂದು ಹೇಳು. ಅವಳು ಬರಬೇಕು. ಮುತ್ತೈದೆಯರೇ ಮೊದಲು ಹಚ್ಚಬೇಕು ಎಂದು ನಮ್ಮವರು ತಕರಾರು ತೆಗೆಯುತ್ತಾರೆ, ತೆಗೆಯಲಿ. ನಿನಗೆ ಮೊದಲ ಅರಿಶಿನ ಅವಳೇ ಹಚ್ಚಬೇಕು. ಪ್ರತಿ ಮದುವೆಯಲ್ಲೂ ಬಾಗಿಲ ಹಿಂದೆ ನಿಂತು ನೋಡಿದ್ದು ಸಾಕು.

ಊಟ ಬಿಡಬೇಡ. ಅವಳ ಕಣ್ಣಿಗೆ ಔಷಧಿಯನ್ನು ಎರಡು ಹೊತ್ತೂ ಹಾಕು. ಆ ಜಂಪರ್ ಇಲ್ಲೇ ನನ್ನ ಕಪಾಟಿನಲ್ಲಿ ಇದೆ, ತೊಳೆದು ನೆರಳಲ್ಲಿ ಒಣಗಿಸಿ ಇಟ್ಟಿದ್ದೇನೆ. ತೊಡುವುದೋ ಬಿಡುವುದೋ ಅವಳು ಹೇಳಿದಂತೆ ಮಾಡು.

ನಿನ್ನ ಅವ್ವ,
ಜಯಮಾಲಾ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಮೂರು ಸುಳ್ಳು ಇವೆ.

ಕೈಗೆ ಸಿಕ್ಕದ್ದನ್ನು ತಂದುಕೊಡಲಿಲ್ಲ. ಎರಡನ್ನೂ ಗೂಟದಿಂದ ತೆಗೆದು, ಮೈಗೆ ಹಿಡಿದು ನೋಡಿ, ನನ್ನದನ್ನೇ ಆರಿಸಿ ಕೊಟ್ಟೆ. ಫುಗ್ಗಾ ತೋಳಿನ ಜಂಪರ್ ಬೇಕಾಗಿತ್ತು ನನಗೆ. ಅಕ್ಕನಿಗೆ ಅದು ಕೂರದಿದ್ದರೆ 'ತಂಗೀ, ನೀನೇ ಹಾಕ್ಕೋ' ಎಂದು ಕೊಡುತ್ತಾಳೆ, ಅವಳಿಗೆ ಇನ್ನೊಂದು ಹೊಲಿಸುತ್ತಾರೆ ಎಂದುಕೊಂಡೆ. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು, ನಿನ್ನಾಣೆ.

ಯಾರೂ ಕೇಳಲಿಲ್ಲ ಎಂದೆ. ಅವ್ವ ಕೇಳಿದಳು. ಸೂಗಮ್ಮನ ಮಾತು ಮುಗಿಯುತ್ತಲೇ ನನ್ನ ರಟ್ಟೆ ಹಿಡಿದು, ಎಲ್ಲರ ಮುಂದೆ, 'ಜಯಾ, ಅವತ್ತ ಕೊಟ್ಟಿದ್ದು ಅಕ್ಕನ ಜಂಪರೇ ಹೌದಿಲ್ಲ?' ಎಂದು ಕೇಳಿದಳು. ಅಕ್ಕನೂ ನನ್ನನ್ನೇ ನೋಡುತ್ತಿದ್ದಳು. ಹೊಡೆತಕ್ಕೆ ಹೆದರಿ ನಾನು 'ಹೌದು, ಅಕ್ಕಂದೇ' ಎಂದೆ.

ಇನ್ನೊಂದು ಜಂಪರ್ ಹೊಳೆಯಲ್ಲಿ ಹರಿದು ಹೋಗಲಿಲ್ಲ. ಅಕ್ಕನ ಆ ಜಂಪರನ್ನು ಯಾರಿಗೂ ಕಾಣದ ಹಾಗೆ ತೊಗರಿ ಚೀಲದಲ್ಲಿ ಹುದುಗಿಸಿದ್ದೆ. ಮದುವೆ ಮುರಿದ ಐದನೆಯ ದಿನ ತೆಗೆದು ಸುಡೋಣವೆಂದು ಭುಜದವರೆಗೆ ಕೈ ಹಾಕಿದೆ. ಬರೀ ತೊಗರಿ ಸಿಕ್ಕಿತು. ಹಿಂದಿನ ದಿನ ಬೇಳೆ ಒಡೆಯಲೆಂದು ಆ ಚೀಲ ಬಿಚ್ಚಿದವಳು ಅಕ್ಕ. ಮುಂದಿನ ವಾರವೇ ಅವಳು ಚಿಮ್ಮನಚೋಡಕ್ಕೆ ಹೋದಳು, ಯಾರಿಗೂ ಏನೂ ಹೇಳಲಿಲ್ಲ. ಅವಳು ಒಂದು ಮಾತು ಆಡಿದ್ದರೆ ಅವಳ ಹೆಸರು ಉಳಿಯುತ್ತಿತ್ತು, ಅಕ್ಕನ ಮದುವೆ ಮುರಿದವಳೆಂದು ನನಗೆ ಗಂಡು ಸಿಗುತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲ ಎಂದು ನಾನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಹೋದ ರವಿವಾರ ನಿನ್ನ ಬಗಲಿನ ಹೊಲಿಗೆ ಹಿಡಿದು ಅವಳು ಅಂದ ಮಾತಿನ ಮೇಲೆ ಅದನ್ನೂ ಹೇಳಿಕೊಳ್ಳಲು ಆಗುತ್ತಿಲ್ಲ.

ಇದನ್ನೂ ಓದು ಶ್ರುತಿ, ಬಿಡಬೇಡ. ಓದಿ, ನೀಲಿ ಚುಕ್ಕಿಯ ಜಂಪರ್ ಅವಳ ಹತ್ತಿರ ಇನ್ನೂ ಇದ್ದರೆ ತರಲು ಹೇಳು. ಅವಳು ಬಾರದಿದ್ದರೆ ನೀನಾದರೂ ತೆಗೆದುಕೊಂಡು ಬಾ. ಅರಿಶಿನದ ದಿನ ಅದನ್ನು ಕೈಯಲ್ಲಿ ಹಿಡಿದು ಹಂದರದ ನಡುವೆ ನಿಲ್ಲುತ್ತೇನೆ. ಯಾರದು ಎಂದು ಯಾರಾದರೂ ಕೇಳಲಿ. ಈ ಸಲವೂ ಅಕ್ಕಂದೇ ಎನ್ನುತ್ತೇನೆ.